ನದಿಯಾಚೆಯ ನಿಲ್ದಾಣ

ಮಾರ್ಚ್ 3, ಮಂಗಳವಾರ
ಪತ್ರಿಕೆಗೆ ‘ತೊರೂನ್ ನಗರಕ್ಕೆ ಬರುವವರಿಗೆ ಸಲಹೆಗಳು’ ಬರೆದೆ. ಹನ್ನೆರಡನೆಯ ವರ್ಷದ ತಿದ್ದುಪಡಿ. ಬೀದಿಗಳೆಲ್ಲ ಕಲ್ಲುಹಾಸು, ಎತ್ತರದ ಹಿಮ್ಮಡಿಯ ಚಪ್ಪಲಿ ಬೇಡ. ಓರೆಗೋಪುರದ ಗೋಡೆಗೆ ಬೆನ್ನು ಹಚ್ಚಿ ಕೈ ಚಾಚಿ ನಿಲ್ಲಿ; ಪಾಪಿಗಳು ಮುಗ್ಗರಿಸುತ್ತಾರೆ. ಲೇಖಕರು ಖುದ್ದು ಬಿದ್ದು ಖಚಿತಪಡಿಸಿಕೊಂಡಿದ್ದಾರೆ. ಮುಖ್ಯ ನಿಲ್ದಾಣ ವಿಸ್ತುಲಾ ನದಿಯಾಚೆ, ಅರ್ಧ ಗಂಟೆ ಮುಂಚೆ ಹೊರಡಿ.
ಹೆಂಡತಿ ಬೋಗ್ನಾ ತವರಿಗೆ ಹೋಗಿ ನಲವತ್ತು ದಿನ.

ಮಾರ್ಚ್ 6
ಬೋಗ್ನಾಳ ಫೋನ್.
“ಹದಿನೈದಕ್ಕೆ ಗ್ದಾನ್ಸ್ಕ್‌ಗೆ, ತಂಗಿ ಹತ್ರ ಹೋಗ್ತಿದೀನಿ. ನಿಮ್ಮೂರಲ್ಲಿ ರೈಲು ಆರು ನಿಮಿಷ ನಿಲ್ಲತ್ತೆ. ನೀನು ಬಂದ್ರೆ ಇಳೀತೀನಿ. ಇಲ್ದಿದ್ರೆ ವಕೀಲರ ಕಾಗದ ಬರತ್ತೆ.”
“ಅಲ್ಲೀವರೆಗೆ ಫೋನಲ್ಲೇ...”
“ಬೇಡ ಲೂತ್ಸ್ಯಾನ್. ಇಪ್ಪತ್ತೆರಡು ವರ್ಷ ನಿನ್ನ ಜೋಕು ಕೇಳಿದೀನಿ. ಒಂದ್ಸಲ ಹೇಳಿದ ಟೈಮಿಗೆ ಬಾ, ನೋಡೋಣ.”
‘ನಿಮ್ಮೂರು’ ಅಂದಳು. ಮೊನ್ನೆವರೆಗೆ ನಮ್ಮೂರಾಗಿತ್ತು.

ಮಾರ್ಚ್ 15, ಭಾನುವಾರ, ಮಧ್ಯಾಹ್ನ
ರೈಲು 11.40ಕ್ಕೆ. 11.10ಕ್ಕೆ ಸರಿಯಾಗಿ ಹೊರಟೆ. ಮೆಟ್ಟಿಲಿಳಿದ ಮೇಲೆ ನೆನಪು — ಅವಳು ಬಿಟ್ಟುಹೋದ ಮನೆ ಕೀಲಿಕೈ ಮೇಜಿನ ಮೇಲೇ. ಅದನ್ನು ಅವಳ ಕೈಗಿಡಬೇಕೆಂದಿದ್ದೆ. ವಾಪಸು ಹತ್ತಿದೆ.
ಮರೆತದ್ದಕ್ಕೆ ಹಿಂದಿರುಗಿದವನು ಕೂತು ಹತ್ತು ಎಣಿಸಿಯೇ ಮತ್ತೆ ಹೊರಡಬೇಕು. ಇಲ್ಲದಿದ್ದರೆ ಹೋದ ಕೆಲಸ ಕೆಡುತ್ತದೆ. ಅಮ್ಮನ ಮಾತು, ಅಜ್ಜಿಯ ಮಾತು, ಇಡೀ ದೇಶದ ಮಾತು. ಇವತ್ತಿನ ದಿನ ಮೀರುವುದುಂಟೇ? ಕೂತೆ. ಆರಕ್ಕೆ ಬಂದಾಗ ಎದುರುಮನೆಯ ಕ್ಲೋತಿಲ್ಡಾ ಅಮ್ಮ ಇಣುಕಿದರು.
“ಏನ್ರೀ, ಕೋಟು ಹಾಕ್ಕೊಂಡು ಕೂತಿದೀರಿ. ಬದುಕಿದೀರಾ?”
“ಎಣಿಸ್ತಿದೀನಿ.”
“ಓ, ಏನೋ ಮರೆತ್ರಿ. ಹಾಗಾದ್ರೆ ಮೊದಲಿಂದ ಎಣಿಸಿ. ಮಧ್ಯ ಮಾತಾಡಿದ್ರೆ ಅದು ನಡೆಯಲ್ಲ.”
ಮೊದಲಿಂದ ಎಣಿಸಿದೆ. ಶ್ರದ್ಧೆಯಿಂದ.
ಕೆಳಗೆ ಬಂದರೆ ಬಸ್ಸಿನ ಬೆನ್ನು. ಭಾನುವಾರ ಅರ್ಧ ಗಂಟೆಗೊಂದು. ಟ್ಯಾಕ್ಸಿ ಇಲ್ಲ. ಓಡಿದೆ.
11.52. ಪ್ಲಾಟ್‌ಫಾರ್ಮಿನಲ್ಲಿ ಒಂದು ಪಾರಿವಾಳ, ನಾನು. ಅವಳ ಫೋನ್ ಆಫ್.

ಮಾರ್ಚ್ 27
ಗ್ದಾನ್ಸ್ಕ್‌ನಿಂದ ನಾದಿನಿ ಓತಿಲ್ಯಾಳ ಫೋನ್.
“ವಕೀಲರ ಕಾಗದ ಬಂತಾ ಭಾವ?”
“ಬಂತು. ಕಾಗುಣಿತ ತಪ್ಪಿಲ್ಲ. ಒಳ್ಳೇ ವಕೀಲ.”
ಅವಳು ನಗಲಿಲ್ಲ.
“ಹೇಳ್ಬೇಡ ಅಂದಿದ್ಲು, ಹೇಳ್ತೀನಿ. ನೀವು ಕಾಣದಿದ್ರೂ ಅಕ್ಕ ಇಳಿದಿದ್ಲು, ಪೆಟ್ಟಿಗೆ ಸಮೇತ. ‘ಬರ್ತಾರೆ, ಅವ್ರದ್ದು ಯಾವಾಗ್ಲೂ ಲೇಟು’ ಅಂತ ಗಾರ್ಡ್‌ಗೂ ಹೇಳಿದ್ಲಂತೆ. ಸೀಟಿ ಊದಿದ ಮೇಲೇ ಹತ್ತಿದ್ದು.”
ಆರು ನಿಮಿಷ ನಿಂತಿದ್ದಳು. ನಾನಾಗ ಸೇತುವೆಯ ನಡುವೆ, ಉಸಿರು ಸಾಲದೆ, ಕಂಬಿ ಹಿಡಿದು —