ಮೊದಲೇ ಬರೆದಿಟ್ಟ ನೂರು

ಭಾನುವಾರ, ಮಾರ್ಚ್ ೯

ಪ್ರೀತಿಯ ಅಳತೆಗೋಲಿಗೆ,

ಮಾವನ ಆಶೀರ್ವಾದ. ಈ ದೇಶದ ಅರ್ಧ ಜನಕ್ಕೆ ಓದು ಕಲಿಸಿದವನು ನಾನೇ. ನಾನು ಬೋರ್ಡು ಬರೆಯದಿದ್ದರೆ ಆಸ್ಪತ್ರೆ ಯಾವುದು, ಪೊಲೀಸ್ ಠಾಣೆ ಯಾವುದು ತಿಳಿಯದೆ ಜ್ವರ ಬಂದವರೆಲ್ಲ ಲಾಕಪ್ಪಿನಲ್ಲಿ ಮಲಗುತ್ತಿದ್ದರು. ಇಂಥವನಿಗೆ ನಿನ್ನ ನಾಲ್ಕು ಸಾಲಿನ ಕಾಗದಕ್ಕೆ ಉತ್ತರ ಬರೆಯಲು ಹನ್ನೊಂದು ದಿನ ಬೇಕಾಯಿತು.

ಗಣಿತ ಓದಿಲ್ಲವೆಂದು ಭೂಮಾಪನ ತರಬೇತಿಯ ಅರ್ಜಿ ವಾಪಸ್ ಬಂತು ಎಂದು ಬರೆದಿದ್ದೀಯ. ಹೋಗಲಿ ಬಿಡು ಮಾವ, ನನ್ನ ತಲೆಗೆ ಗಣಿತ ಹತ್ತುವುದಿಲ್ಲ ಅಂತ ಟೀಚರೇ ಹೇಳಿದ್ದರಲ್ಲ ಎಂದೂ ಬರೆದಿದ್ದೀಯ.

ಟೀಚರು ಹಾಗೆ ಹೇಳಿರಲಿಲ್ಲ, ಪುಟ್ಟಾ.

ಪರೀಕ್ಷೆಗೆ ಕಟ್ಟುವ ಮುಂಚೆ ವಿಷಯ ಬದಲಿಸಲು ಅವಕಾಶವಿತ್ತಲ್ಲ, ಆಗ ನಿನ್ನಮ್ಮನಿಗೆ ಹಗಲು ಪಾಳಿ. ಸಹಿಗೆ ನಾನು ಹೋದೆ. ಹೆಡ್‌ಮಾಸ್ತರರ ಕೋಣೆಯ ಗೋಡೆಯಲ್ಲಿ ಎಲ್ಲ ಶಾಲೆಗಳ ಫಲಿತಾಂಶದ ಪಟ್ಟಿ, ನಮ್ಮದು ಮೂರನೆಯದು. ಮೇಲಕ್ಕೇರಬೇಕೆಂದು ಅವರು ಗಣಿತದಲ್ಲಿ ನಲವತ್ತರ ಆಸುಪಾಸಿನವರನ್ನೆಲ್ಲ ಗೃಹವಿಜ್ಞಾನಕ್ಕೆ ದಾಟಿಸುತ್ತಿದ್ದರು. ನಿನ್ನದು ನಲವತ್ತೆರಡು. ಬಾಗಿಲ ಬಳಿ ನಿಂತಿದ್ದ ಗಣಿತದ ಟೀಚರು ಮೆಲ್ಲಗೆ, "ಇವಳು ನಿಧಾನ, ಆದ್ರೆ ಮಾಡ್ತಾಳೆ. ನನ್ನ ಹತ್ರ ಬಿಡಿ," ಅಂದರು. ಹೆಡ್‌ಮಾಸ್ತರರು ಒತ್ತಾಯವನ್ನೇನೂ ಮಾಡಲಿಲ್ಲ. ಫಾರಂ ನನ್ನ ಮುಂದೆ ಸರಿಸಿ, ನಿಮ್ಮಿಷ್ಟ ಎಂದರು.

ನಾನು ಸಹಿ ಹಾಕಿದೆ. ಯಾಕೆ ಗೊತ್ತೇ? ಶಾಲೆಯ ಗೇಟಿನ ಫಲಿತಾಂಶದ ಬೋರ್ಡಿಗೆ ಪ್ರತಿ ವರ್ಷ ನನ್ನದೇ ಕೈ. ಆ ಸಲ ಜಂಬ ನೆತ್ತಿಗೇರಿ, ಪರೀಕ್ಷೆ ಇನ್ನೂ ನಾಲ್ಕು ತಿಂಗಳಿರುವಾಗಲೇ 'ಶೇಕಡಾ ೧೦೦' ಎಂದು ಬರೆದು ಒಣಗಿಸಿಟ್ಟಿದ್ದೆ. ಎದುರಿನ ಜೆರಾಕ್ಸ್ ಅಂಗಡಿಯವನು ನಕ್ಕ. ಬಾಜಿ ಕಟ್ಟಿದೆ. ನಿನ್ನ ನಲವತ್ತೆರಡು ಕಂಡಾಗ ನನಗೆ ಕಂಡದ್ದು ನೀನಲ್ಲ, ನನ್ನ ಎರಡು ದುಂಡನೆಯ ಸೊನ್ನೆಗಳು.

ಮನೆಗೆ ಬಂದು ಟೀಚರ ಹೆಸರಿನಲ್ಲಿ ಸುಳ್ಳು ಹೇಳಿದೆ. ನೀನು ಕಂಪಾಸು ಪೆಟ್ಟಿಗೆಯಿಂದ ಕೋನಮಾಪಕ ತೆಗೆದಿಟ್ಟು ಆ ಪೆಟ್ಟಿಗೆಗೆ ಸೂಜಿ ದಾರ ತುಂಬಿಕೊಂಡೆ. ಬಾಗಿಲು, ಬೆಂಚು, ನನ್ನ ಮೂಗು ಎಲ್ಲವನ್ನೂ ಅಳೆಯುತ್ತಿದ್ದ ಹುಡುಗಿ ಆಮೇಲೆ ಏನನ್ನೂ ಅಳೆಯಲಿಲ್ಲ.

ಫಲಿತಾಂಶ ತೊಂಬತ್ತೆಂಟು. ಗಣಿತದಲ್ಲಿ ಎಲ್ಲರೂ ಪಾಸು. ದಾಟಿಸಿದವರಲ್ಲೇ ಇಬ್ಬರು ಗೃಹವಿಜ್ಞಾನದಲ್ಲಿ ಬಿದ್ದರು. ನೂರರ ಮೇಲೆ ಬಿಳಿ ಬಳಿದು ಹೊಸದಾಗಿ ಬರೆದೆ. ಓರೆ ಬಿಸಿಲು ಬಿದ್ದರೆ ಇವತ್ತಿಗೂ ಆ ಸೊನ್ನೆಗಳು ಒಳಗಿನಿಂದ ಇಣುಕುತ್ತವೆ. ಆ ದಾರಿಯಲ್ಲಿ ನಾನು ಸೈಕಲ್ ಜೋರಾಗಿ ತುಳಿಯುತ್ತೇನೆ.

ಮೊನ್ನೆ ಟೀಚರ ಮನೆಗೆ ಹೋಗಿ ಎಲ್ಲ ಒಪ್ಪಿಕೊಂಡೆ. ಕೂರಿ ಎನ್ನಲಿಲ್ಲ. ಗಣಿತ ಒಂದನ್ನೇ ಖಾಸಗಿಯಾಗಿ ಕಟ್ಟಬಹುದಂತೆ, ಅರ್ಜಿಗೆ ಕೊನೆಯ ದಿನ ಈ ತಿಂಗಳ ಮೂವತ್ತೊಂದು. "ಅವಳನ್ನ ಕಳಿಸಿ. ನೀವು ಬರಬೇಡಿ," ಅಂದರು. ವಿಳಾಸ ಹಿಂಬದಿಯಲ್ಲಿದೆ, ನನ್ನ ಅತಿ ಚೆಂದದ ಅಕ್ಷರದಲ್ಲಿ. ನನ್ನ ಮೇಲಿನ ಸಿಟ್ಟಿಗಾದರೂ ಹೋಗು.

ಇಂತಿ,
ನಿನ್ನ ಬೋರ್ಡು ಮಾವ

ವಿ.ಸೂ.: ಆ ವರ್ಷ ಬಾಜಿಯಲ್ಲಿ ಹತ್ತು ಸಾವಿರ ಹೋಯಿತು ಎಂದು ಮನೆಯಲ್ಲಿ ಗೋಳಾಡಿದ್ದೆ, ಏತರ ಬಾಜಿ ಎಂದು ಹೇಳಿರಲಿಲ್ಲ. ನೀನು ಹುಂಡಿ ಒಡೆದು ಚಿಲ್ಲರೆಯನ್ನೆಲ್ಲ ನನ್ನ ಜೇಬಿಗೆ ಸುರಿದೆ. ನಾನು ಸೋತದ್ದು ಮೂವತ್ತು ರೂಪಾಯಿ.