ಕ್ರಿಮಿಯಿಲ್ಲದ ಜ್ವರ

ಜುಲೈ ೯, ಬುಧವಾರ

ಕ್ರಿಮಿಯೇ ಇಲ್ಲವಂತೆ. ಇನ್ನೂ ನಂಬಲಾಗುತ್ತಿಲ್ಲ.

ಮೊನ್ನೆ ನಾಯಂಡಹಳ್ಳಿಯ ವರ್ಕ್‌ಶಾಪಿನಲ್ಲಿ ಕಬ್ಬಿಣದ ತಗಡುಗಳ ಕಟ್ಟು ನಮ್ಮ ಯಜಮಾನರ ತೊಡೆಯ ಮೇಲೆ ಬಿತ್ತು. ಮಾಂಸವೆಲ್ಲ ಜಜ್ಜಿಹೋಯಿತು, ಆದರೆ ಚರ್ಮ ಎಲ್ಲೂ ಹರಿಯಲಿಲ್ಲ. ನಿನ್ನೆಯಿಂದ ಮೈ ಕೆಂಡ, ಮೂಗಿಗೆ ಆಕ್ಸಿಜನ್. ಆಸ್ಪತ್ರೆಯಲ್ಲೇ ಸೋಂಕು ತಗುಲಿತು ಎಂದು ಬೆಳಿಗ್ಗೆ ನರ್ಸ್ ಮೇಲೆ ರೇಗಾಡಿಬಿಟ್ಟೆ.

ಡಾಕ್ಟರ್ ನನ್ನನ್ನು ಪಕ್ಕಕ್ಕೆ ಕರೆದು ಕೂರಿಸಿದರು. "ರಕ್ತದಲ್ಲಿ ಯಾವ ಬ್ಯಾಕ್ಟೀರಿಯಾನೂ ಸಿಕ್ಕಿಲ್ಲ ಕಲಾ ಅವ್ರೇ. ಜಜ್ಜಿಹೋದ ಜೀವಕೋಶಗಳ ಒಳಗಿರೋದೆಲ್ಲ ರಕ್ತಕ್ಕೆ ಚೆಲ್ಲಿದೆ. ಅದ್ರಲ್ಲಿ ಕೆಲವು ಬ್ಯಾಕ್ಟೀರಿಯಾ ಥರಾನೇ ಇರುತ್ವೆ. ಮೈ ಕಾಯೋ ಬಿಳಿ ರಕ್ತಕಣಗಳು ಅದನ್ನ ಶತ್ರು ಅಂದ್ಕೊಂಡು ದಾಳಿ ಮಾಡ್ತಿವೆ."

ಬೈಯಲು ಹೊರಗಿನವರು ಯಾರೂ ಉಳಿಯಲಿಲ್ಲ.

ಸಂಜೆ ಜ್ವರ ಸ್ವಲ್ಪ ಇಳಿದು ಇವರು ಕಣ್ಣು ಬಿಟ್ಟರು. "ಯಾವ ಕ್ರಿಮಿ ಅಂತೆ?"

"ಯಾವ್ದೂ ಇಲ್ಲ ರೀ. ನಿಮ್ಮ ಮೈಗೆ ನಿಮ್ಮದೇ ಗುರುತು ಸಿಗ್ತಿಲ್ವಂತೆ."

ಇವರು, "ಇದು ನಾನೇ ಅಂತ ಅದಕ್ಕೆ ಹೇಳೋರ್ಯಾರೇ?" ಎಂದರು.

ಅವರ ಎದೆಯ ಮೇಲೆ ಕೈಯಿಟ್ಟು, ಒಳಗೆ ಕೇಳಿಸಲಿ ಎಂಬಂತೆ ಬಗ್ಗಿ, "ನಾಗೇಂದ್ರ" ಎಂದೆ. ಮದುವೆಯಾದ ಮೇಲೆ ಗಂಡನ ಹೆಸರು ನನ್ನ ಬಾಯಲ್ಲಿ ಬಂದದ್ದು ಇದೇ ಮೊದಲು.