ಅಕ್ಕನ ಪಕ್ಕದ ಸೀಟು

ಮಂಗಳವಾರ, ಹನ್ನೆರಡನೇ ತಾರೀಖು.

ಈ ಮೂಲಕ ತಪ್ಪೊಪ್ಪಿಕೊಳ್ಳುವುದೇನೆಂದರೆ, ಶಾಸಕರಿಗೆ ನಾನು ಬರೆದ ಇಮೇಲಿನಲ್ಲಿ ಒಂದೇ ಒಂದು ಸಾಲು ಸುಳ್ಳು. ನಮ್ಮೂರ ಆಸ್ಪತ್ರೆಯ ಡಯಾಲಿಸಿಸ್ ಯಂತ್ರ ಕೆಟ್ಟು ಎಂಟು ತಿಂಗಳಾಯಿತು. ಅಂದಿನಿಂದ ಅಕ್ಕ ಎರಡು ಗಂಟೆ ಬಸ್ಸಿನಲ್ಲಿ ಕೂತು ಬೇರೆ ಊರಿಗೆ ಹೋಗುತ್ತಾಳೆ. ಮನವಿಯಲ್ಲಿ ಬೇಡಿಕೆ ಒಂದೇ ಇರಲಿ, ಅನುಭವ ಸ್ವಂತದ್ದಿರಲಿ, ಆಗ ಕಲ್ಲೂ ಕರಗುತ್ತದೆ ಎಂದು ಮನೆಮಂದಿಗೆಲ್ಲ ಉಪದೇಶ ಮಾಡಿದವನು ನಾನೇ. ಅದಕ್ಕೇ ‘ಪ್ರತಿ ಸಲವೂ ಅಕ್ಕನ ಪಕ್ಕದಲ್ಲಿ ಕೂರುತ್ತೇನೆ’ ಎಂದು ಬರೆದೆ.

ಕಲ್ಲು ಕರಗಿತು. ಇವತ್ತು ಶಾಸಕರ ಆಪ್ತ ಸಹಾಯಕರೇ ಫೋನ್ ಮಾಡಿದರು. “ಸಾಹೇಬ್ರು ಎರಡು ಸಲ ಓದ್ಸಿದ್ರು ಸಾರ್. ಒಂದಿನ ನಿಮ್ಮಿಬ್ಬರ ಜೊತೆ ಅದೇ ಬಸ್ಸಲ್ಲಿ ಬರ್ತಾರಂತೆ. ಯಾವ್ಯಾವ ವಾರ ಹೋಗ್ತೀರಿ?”

“ನೋಡಿ ಹೇಳ್ತೀನಿ” ಎಂದೆ. ನಾಲಗೆಯ ಮೇಲೆ ಸರಸ್ವತಿ ಇದ್ದಳು, ವಾರ ಇರಲಿಲ್ಲ.

ಅಕ್ಕನಿಗೆ ಆ ಇಮೇಲ್ ಓದಿ ಹೇಳಿ, ವಾರ ಕೇಳಿದೆ.

“ಸೋಮವಾರ, ಗುರುವಾರ ಕಣೋ.” ಬೈಯುತ್ತಾಳೆಂದು ಕಾದೆ. “ಚೆನ್ನಾಗಿ ಬರ್ದಿದೀಯ. ನೀನು ಪಕ್ಕದಲ್ಲಿ ಕೂತಿದ್ದು ಕೇಳಿ ಖುಷಿ ಆಯ್ತು” ಎಂದಳು.

ಈ ಎಂಟು ತಿಂಗಳಲ್ಲಿ ಆ ಬಸ್ಸನ್ನು ನಾನು ಒಂದು ದಿನವೂ ಹತ್ತಿಲ್ಲ. ನಾಡಿದ್ದು ಗುರುವಾರ. ಬಸ್ಸು ಎಷ್ಟು ಹೊತ್ತಿಗೆ, ಎಲ್ಲಿ ಹತ್ತಬೇಕು ಎಂದಾದರೂ ಕೇಳಬೇಕಿತ್ತು.